ವರ್ಷದ ಜೋಳವೋ, ತಿಂಗಳ ಹಿಟ್ಟೋ?

ಬಾಗಲಕೋಟೆಯಲ್ಲಿ ಹೊಸದಾಗಿ ಮನೆ ಮಾಡಿದವರ ಪ್ರಶ್ನೆ ಇದು: ವರ್ಷದ ಜೋಳ ತುಂಬಿಡಬೇಕಾ, ಹಿಟ್ಟಿನ ಪಾಕೀಟು ಸಾಲದಾ? ನಾನು ತಿರುಗಿ ಕೇಳುತ್ತೇನೆ, ಯಾಕೆ ತುಂಬಿಡುತ್ತೀರಿ?

ಹೊಳೆ ನೆರೆಯ ಭಯಕ್ಕೆ ಅಂದರೆ ಜೋಳದ ಚೀಲ ಉಪಯೋಗಕ್ಕೆ ಬರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ನೀರು ಮನೆಗೆ ನುಗ್ಗಿದಾಗ ಚೀಲ ಹೊತ್ತು ಓಡಲು ಆಗುತ್ತಾ? ಆಗ ಬೇಕಾಗುವುದು ಕಟಕ ರೊಟ್ಟಿ (ಒಣಗಿಸಿದ ಗರಿಗರಿ ರೊಟ್ಟಿ), ಶೇಂಗಾ ಚಟ್ನಿ, ಬೆಲ್ಲ, ಕುಡಿಯುವ ನೀರು. ಇವಕ್ಕೆ ಒಲೆಯೂ ಬೇಡ. ಹೊಳೆ ದಂಡೆಯವರು ಮಳೆಗಾಲವಿಡೀ ಇಷ್ಟನ್ನು ಕಟ್ಟಿಟ್ಟುಕೊಂಡಿರಿ.

ರುಚಿಗೆ, ಉಳಿತಾಯಕ್ಕೆ, ಪ್ರತಿ ತಿಂಗಳು ಅಂಗಡಿ ಕಡೆ ನೋಡಬಾರದು ಅನ್ನುವ ಆಸೆಗೆ ಆದರೆ ಚೀಲವೇ ಸರಿ. ಹಿಂಗಾರಿನ ಮಾಲದಂಡಿ ಜೋಳ ಫೆಬ್ರವರಿ, ಮಾರ್ಚ್‌ ಹೊತ್ತಿಗೆ ರಾಶಿಯಾಗುತ್ತದೆ. ಆಗಲೇ ಕೊಳ್ಳಿ. ದಿನಕ್ಕೆ ಒಂದು ಕೆಜಿ ಹಿಡಿದರೆ ವರ್ಷಕ್ಕೆ 365 ಕೆಜಿ. ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು, ನಮಗೆ ತಗಡಿನ ಡ್ರಮ್ ಸಾಕು. ಗಟ್ಟಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಒಣ ಬೇವಿನ ಎಲೆ ಬೆರೆಸಿ ತುಂಬಿ. ಸ್ವಲ್ಪ ಹಸಿ ಉಳಿದರೂ ನುಸಿ ಬಿತ್ತು ಅಂತಲೇ ಲೆಕ್ಕ.

ಬಾಡಿಗೆ ಕೋಣೆಯಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಪಾಕೀಟು ನಡೆಯುತ್ತದೆ. ಆದರೆ ಹಳೇ ಹಿಟ್ಟಿನಲ್ಲಿ ಜಿಗುಟು ಇರುವುದಿಲ್ಲ, ಬಡಿಯುವಾಗಲೇ ರೊಟ್ಟಿ ಹರಿಯುತ್ತದೆ. ಅದಕ್ಕೆ ಮೂರು ತಿಂಗಳ ಜೋಳ ಮಾತ್ರ ಇಟ್ಟುಕೊಂಡು, 15 ದಿನಕ್ಕೊಮ್ಮೆ ಗಿರಣಿಗೆ ಹೋಗಿ ಬನ್ನಿ.