ಮಳೆಗಾಲದ ಕೊಡಗಿನಲ್ಲಿ ಗಿಟ್: ಹಲವು ವರ್ಷ ಬಳಸಿದ ಮೇಲೆ

ಮಡಿಕೇರಿಯ ಆಫೀಸಿನಲ್ಲಿ ವಿಂಡೋಸ್, ನಾಪೋಕ್ಲು ಕಡೆಯ ಮನೆಯಲ್ಲಿ ಲಿನಕ್ಸ್. ಎರಡರಲ್ಲೂ ಒಂದೇ ಕೋಡ್ ಇರಬೇಕು. ಇದಕ್ಕೆ ಹಲವು ವರ್ಷಗಳಿಂದ ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ತಂತ್ರಾಂಶ) ಬಳಸುತ್ತಿದ್ದೇನೆ. ನಮ್ಮ ಕಡೆ ಕೂತು ಕೋಡ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ.

ಕಾರಣ ಮಳೆ. ಜೂನ್ ಬಂತೆಂದರೆ ಮರ ಬೀಳುತ್ತದೆ, ಕಂಬ ವಾಲುತ್ತದೆ, ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್ಟೂ ಹೋಗುತ್ತದೆ. ಆದರೆ ಕಮಿಟ್ ಮಾಡಲು, ಅಂದರೆ ಬದಲಾವಣೆಯನ್ನು ಟಿಪ್ಪಣಿ ಸಮೇತ ದಾಖಲಿಸಲು, ನೆಟ್ ಬೇಕಾಗಿಲ್ಲ. ಪ್ರಾಜೆಕ್ಟಿನ ಪೂರ್ತಿ ಇತಿಹಾಸ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಹಾಗಾಗಿ ಹಳೇ ಕೋಡ್ ತೆಗೆದು ನೋಡೋದು, ಬ್ರಾಂಚ್ (ಕೆಲಸದ ಬೇರೆ ಕವಲು) ಮಾಡೋದು ಎಲ್ಲವೂ ಬ್ಯಾಟರಿ ಇರುವ ತನಕ ನಡೆಯುತ್ತದೆ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) ಕೆಲಸಕ್ಕೆಂದು ಬರೆದಾಗಿನಿಂದಲೂ ಇದರ ರೀತಿಯೇ ಇದು. ನೆಟ್ ಬಂದಾಗ ಪುಶ್ ಮಾಡಿದರೆ (ಸರ್ವರಿಗೆ ಕಳಿಸಿದರೆ) ಹೊಸ ಬದಲಾವಣೆ ಮಾತ್ರ ಹೋಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಸಾಕು.

ಫೈಬರ್ ಕೇಬಲ್ ಮೇಲೆ ಮರ ಬಿದ್ದು ದಿನಗಟ್ಟಲೆ ಲೈನ್ ಇಲ್ಲದಿದ್ದಾಗ ಪೆನ್‌ಡ್ರೈವ್ ಕೈಹಿಡಿಯಿತು. ಸುಮ್ನೆ ಫೋಲ್ಡರ್ ಕಾಪಿ ಮಾಡಿದ್ದಲ್ಲ. 'ಗಿಟ್ ಬಂಡಲ್ ಕ್ರಿಯೇಟ್' ಕೊಟ್ಟರೆ ಇಡೀ ಬ್ರಾಂಚ್ ಒಂದೇ ಫೈಲ್ ಆಗುತ್ತದೆ. ಆಫೀಸಿನಲ್ಲಿ ಆ ಫೈಲಿನಿಂದಲೇ ಪುಲ್ ಮಾಡಿ ಬದಲಾವಣೆಗಳನ್ನು ತಂದುಕೊಂಡೆ. ಯಾವ ಬದಲಾವಣೆ ಯಾವಾಗ ಆಯಿತು, ಏನು ಟಿಪ್ಪಣಿ ಬರೆದಿದ್ದೆ, ಎಲ್ಲ ಹಾಗೇ ಬಂತು. ಈ ಸೌಲಭ್ಯದ ಬಗ್ಗೆ ಯಾರೂ ಜಾಸ್ತಿ ಮಾತಾಡೋದೇ ಇಲ್ಲ, ಅಲ್ವಾ?

ಎರಡೂ ಕಡೆ ಒಂದೇ ಫೈಲ್ ತಿದ್ದಿದ್ದರೂ ಭಯವಿಲ್ಲ. ಬೇರೆ ಬೇರೆ ಜಾಗದ ಸಾಲುಗಳಾದರೆ ತಾನೇ ಸೇರಿಸುತ್ತದೆ, ಒಂದೇ ಸಾಲಾದರೆ ಗುರುತು ಹಾಕಿ ನಮ್ಮನ್ನೇ ಕೇಳುತ್ತದೆ.

ತೊಂದರೆಗಳೂ ಇವೆ. ದೊಡ್ಡ ಪ್ರಾಜೆಕ್ಟ್ ಮೊದಲ ಸಲ ಕ್ಲೋನ್ ಮಾಡುವಾಗ (ಪೂರ್ತಿ ನಕಲು ಇಳಿಸಿಕೊಳ್ಳುವಾಗ) ನೆಟ್ ಕಡಿದರೆ ಮತ್ತೆ ಮೊದಲಿಂದ ಶುರು. ಇದು ನಿಜಕ್ಕೂ ಬೇಜಾರಿನ ವಿಷಯ. ಡೆಪ್ತ್ 1 ಅಂತ ಕೊಟ್ಟು ಕೊನೆಯ ಕಮಿಟ್ ಮಾತ್ರ ಇಳಿಸಿಕೊಂಡು, ಉಳಿದ ಇತಿಹಾಸವನ್ನು ನೆಟ್ ಚೆನ್ನಾಗಿದ್ದಾಗ ತರಿಸಿಕೊಳ್ಳಿ. ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಸಾಲಿನ ಕೊನೆಯ ಗುರುತು ಬೇರೆಯಾಗಿ, ಏನೂ ಮುಟ್ಟದ ಫೈಲೂ ಬದಲಾದಂತೆ ಕಾಣಬಹುದು. ಗಿಟ್ ಆಟ್ರಿಬ್ಯೂಟ್ಸ್ (.gitattributes) ಫೈಲಿನಲ್ಲಿ '* text=auto' ಅಂತ ಶುರುವಿನಲ್ಲೇ ಹಾಕಿಬಿಡಿ.

ಸಂಜೆ ಹೊರಡುವ ಮುಂಚೆ ಅರ್ಧ ಮುಗಿದ ಕೆಲಸವನ್ನೂ ಬೇರೆ ಬ್ರಾಂಚಿನಲ್ಲಿ ಕಮಿಟ್ ಮಾಡಿ ಪುಶ್ ಮಾಡಿ. ಪಾಸ್‌ವರ್ಡ್ ಇರುವ ಫೈಲ್ ಮಾತ್ರ ಸೇರಿಸಬೇಡಿ, ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ. ಗಿಟ್ ಪ್ರಾಜೆಕ್ಟ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ 2019ರಿಂದ ಖಾಸಗಿ ರೆಪೊಗಳು (ಪ್ರಾಜೆಕ್ಟ್ ಸಂಗ್ರಹಗಳು) ಎಷ್ಟು ಬೇಕಾದರೂ ಉಚಿತ, ಆದರೆ ಆಫೀಸಿನ ಕೋಡನ್ನು ನಿಮ್ಮ ಸ್ವಂತ ಖಾತೆಗೆ ಹಾಕುವ ಮುಂಚೆ ಮೇಲಿನವರ ಒಪ್ಪಿಗೆ ಪಡೆಯಿರಿ.