ಬದಿಯಡ್ಕದ ಸ್ಟಾಟಿಸ್ಟಿಕ್ಸ್ ಟ್ಯೂಷನ್: ಕನ್ನಡ ಮೀಡಿಯಂನಿಂದ ಬಂದವರು ಒಮ್ಮೆ ಹೋಗಿ ನೋಡಿ

ನಾನು ಹತ್ತರವರೆಗೆ ಕನ್ನಡ ಮೀಡಿಯಂ, ಈಗ ಬಿಎಸ್ಸಿ ಮ್ಯಾತ್ಸ್, ಜೊತೆಗೆ ಮೈನರ್ ಸ್ಟಾಟಿಸ್ಟಿಕ್ಸ್. ಕಾಲೇಜಲ್ಲಿ ಪ್ರಾಬಬಿಲಿಟಿ ಶುರುವಾದಾಗ ಪಾಠ ಅರ್ಧ ಇಂಗ್ಲಿಷ್ ಅರ್ಧ ಮಲಯಾಳ, ಕಂಡಿಷನಲ್ ಪ್ರಾಬಬಿಲಿಟಿಯ (ಬಿ ಆಗಿದೆ ಅಂತ ಗೊತ್ತಿದ್ರೆ ಎ ಆಗುವ ಸಾಧ್ಯತೆ) ಫಾರ್ಮುಲಾ ಬಾಯಿಪಾಠ ಬರ್ತಿತ್ತು ಆದ್ರೆ ಲೆಕ್ಕದಲ್ಲಿ ಯಾವುದು ಎ ಯಾವುದು ಬಿ ಅಂತ ಗೊತ್ತಾಗ್ತಿರ್ಲಿಲ್ಲ. ಅಕ್ಕನ ಫ್ರೆಂಡ್ ಹೇಳಿದ್ರು ಅಂತ ಕಾಸರಗೋಡಿನ ಬದಿಯಡ್ಕ ಪೇಟೆ ಹತ್ರ ಟೀಚರ್ ಒಬ್ರು ಮನೆಯಲ್ಲೇ ನಡೆಸುವ ಟ್ಯೂಷನಿಗೆ ಸೇರಿದೆ. ಶನಿವಾರ, ಆದಿತ್ಯವಾರ ಎರಡೆರಡು ಗಂಟೆ, ತಿಂಗಳಿಗೆ 1200 ರೂಪಾಯಿ. ನಾಲ್ಕು ತಿಂಗಳು ಹೋಗಿ ಆಯ್ತು.

ಟೀಚರ್ ಮೊದ್ಲೇ ಫಾರ್ಮುಲಾ ಬರೆಯೋದಿಲ್ಲ. ಬೇಯಸ್ ಥಿಯರಂ ದಿನ ಕೇಳಿದ್ದು ಇಷ್ಟೇ. 1000 ತೆಂಗಿನಕಾಯಿ ರಾಶಿ ಉಂಟು, ಅದ್ರಲ್ಲಿ 10 ಹಾಳು. ಕುಲುಕಿ ನೋಡಿ ಹೇಳುವವ ಒಬ್ಬ ಇದ್ದಾನೆ, ಹಾಳಾದ 10ರಲ್ಲಿ 9 ಸರಿಯಾಗಿ ಹಿಡೀತಾನೆ, ಆದ್ರೆ ಒಳ್ಳೇ ಕಾಯಿಯಲ್ಲೂ ನೂರಕ್ಕೆ 10 ಹಾಳು ಅಂತ ಬದಿಗಿಡ್ತಾನೆ. ಅವ ಬದಿಗಿಟ್ಟದ್ರಿಂದ ಒಂದು ಕಾಯಿ ತೆಗೆದ್ರೆ ಅದು ನಿಜವಾಗಿ ಹಾಳಾಗಿರುವ ಸಾಧ್ಯತೆ ಎಷ್ಟು? ನಾವೆಲ್ಲ 90 ಪರ್ಸೆಂಟ್ ಅಂದ್ವಿ. ಟೀಚರ್ ಬೋರ್ಡಲ್ಲಿ ಎಣಿಸಿದ್ರು, ಹಾಳಾದ್ರಲ್ಲಿ 9, ಒಳ್ಳೇ 990ರಲ್ಲಿ 99, ಒಟ್ಟು ಬದಿಗೆ ಹೋದದ್ದು 108, ಅದ್ರಲ್ಲಿ ನಿಜ ಹಾಳು 9 ಮಾತ್ರ, ಅಂದ್ರೆ 12ಕ್ಕೆ 1. ಎಂಟು ಚಿಲ್ಲರೆ ಪರ್ಸೆಂಟ್ ಮಾರಾಯ್ರೆ! ಆಮೇಲೆ ಫಾರ್ಮುಲಾ ಬರ್ದು ಅದ್ರ ಒಂದೊಂದು ಭಾಗವೂ ರಾಶಿಯಲ್ಲಿ ಎಲ್ಲುಂಟು ಅಂತ ತೋರಿಸಿದ್ರು. ಈಗ ಪರೀಕ್ಷೆಯಲ್ಲಿ ಕಾಯಿಲೆ ಟೆಸ್ಟಿನ ಲೆಕ್ಕ ಬಂದ್ರೂ ಫ್ಯಾಕ್ಟರಿ ಬಲ್ಬಿನ ಲೆಕ್ಕ ಬಂದ್ರೂ ನಾನು ಮೊದ್ಲು 1000 ಕಾಯಿ ರಾಶಿ ಹಾಕ್ತೇನೆ.

ಎಕ್ಸ್‌ಪೆಕ್ಟೇಷನ್ (ಸರಾಸರಿ ಎಷ್ಟು ಸಿಗ್ಬಹುದು ಅನ್ನುವ ಲೆಕ್ಕ) ಪಾಠಕ್ಕೆ ಕೇರಳ ಲಾಟರಿಯ ಬಹುಮಾನದ ಪಟ್ಟಿಯನ್ನೇ ತಂದಿದ್ರು, ಅದೂ ಚೆನ್ನಾಗಿತ್ತು.

ಇನ್ನೊಂದು ಹೇಳ್ಲೇಬೇಕು. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನಿಗೆ ಕ್ಯಾಲ್ಕುಲೇಟರಲ್ಲಿ ಸಿಗ್ಮಾ ಎಕ್ಸ್, ಎಸ್ ಎಕ್ಸ್ ಅಂತ ಎರಡು ಬರ್ತದಲ್ಲ, ಸ್ಯಾಂಪಲಿಗೆ ಎನ್ (ಅಂಕಿಗಳ ಸಂಖ್ಯೆ) ಬದ್ಲು ಎನ್ ಮೈನಸ್ ಒಂದರಿಂದ ಯಾಕೆ ಭಾಗಿಸ್ಬೇಕು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಟೀಚರ್ ಐದು ಮನೆಯ ಅಡಿಕೆ ತೂಕ ಬರ್ದು ಸರಾಸರಿ ತೆಗೆದ್ರು, ನಾಲ್ಕು ಮನೆಯದ್ದು ಸರಾಸರಿಗಿಂತ ಎಷ್ಟು ಹೆಚ್ಚು ಕಮ್ಮಿ ಅಂತ ನೀವು ಹೇಳಿ, ಐದನೇದು ನಾನೇ ಹೇಳ್ತೇನೆ ಅಂದ್ರು, ಹೇಳಿಯೂ ಬಿಟ್ರು. ಯಾಕಂದ್ರೆ ಎಲ್ಲ ವ್ಯತ್ಯಾಸ ಕೂಡಿಸಿದ್ರೆ ಸೊನ್ನೆಯೇ ಬರ್ಬೇಕು, ಹಾಗಾಗಿ ಸ್ವತಂತ್ರವಾಗಿ ಇರುವುದು ನಾಲ್ಕೇ, ಅಂದ್ರೆ ಎನ್ ಮೈನಸ್ ಒಂದು. ಡಿಗ್ರೀಸ್ ಆಫ್ ಫ್ರೀಡಂ ಅಂದ್ರೆ ಇದು ಅಂತ ಗೊತ್ತಾದ ದಿನ ಮನೆಗೆ ಬಂದು ಅಮ್ಮನಿಗೂ ವಿವರಿಸಿದೆ. ಎಸ್ಟಿಮೇಷನ್ (ಸ್ಯಾಂಪಲಿಂದ ಅಂದಾಜು ಮಾಡೋದು) ಶುರುವಾದಾಗ ಸ್ಟಾಟಿಸ್ಟಿಕ್ಸ್ ವಿಜ್ಞಾನಿ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ಹಡಗಲಿಯಲ್ಲಿ, ಅಂದಾಜು ಎಷ್ಟು ನಿಖರ ಇರ್ಬಹುದು ಅನ್ನುವ ಮಿತಿ ಹೇಳುವ ಕ್ರಾಮರ್-ರಾವ್ ಬೌಂಡ್ ಬಂದದ್ದು ಅವರ 1945ರ ಪೇಪರಿಂದ ಅಂತ ಹೇಳಿದ್ರು. ಸಿಲೆಬಸ್ಸಲ್ಲಿ ಇರುವ ಹೆಸರೊಂದು ಹೂವಿನ ಹಡಗಲಿಯದ್ದು ಅಂತ ಕೇಳಿ ತುಂಬ ಖುಷಿಯಾಯ್ತು.

ಕೊರತೆ ಇಲ್ಲ ಅಂತಲ್ಲ. ಹೈಪಾಥಿಸಿಸ್ ಟೆಸ್ಟಿಂಗ್ (ಒಂದು ಊಹೆಯನ್ನು ಅಂಕಿಗಳಿಂದ ಪರೀಕ್ಷಿಸೋದು) ಎರಡೇ ಕ್ಲಾಸಲ್ಲಿ ಮುಗಿಸಿದ್ರು, ಅಲ್ಲೇ ನಿಧಾನ ಬೇಕಿತ್ತು. ಪಿ ವ್ಯಾಲ್ಯೂ 0.03 ಅಂದ್ರೆ ನಲ್ ಹೈಪಾಥಿಸಿಸ್ (ವ್ಯತ್ಯಾಸ ಏನೂ ಇಲ್ಲ ಅನ್ನುವಂಥ ಮೊದಲ ಊಹೆ) ಸರಿ ಇರುವ ಸಾಧ್ಯತೆ 3 ಪರ್ಸೆಂಟ್ ಅಂತಲೇ ನಾನು ತಿಳ್ಕೊಂಡಿದ್ದೆ. ನಲ್ ಸರಿ ಅಂತ ಇಟ್ಕೊಂಡ್ರೆ ಇಂಥದ್ದು ಅಥವಾ ಇದಕ್ಕಿಂತಲೂ ವಿಪರೀತದ್ದು ಬರುವ ಸಾಧ್ಯತೆ ಅದು ಅಂತ ಗೊತ್ತಾದದ್ದು ಕ್ಲಾಸ್ ಬಿಟ್ಟ ಮೇಲೆ ನಿಂತು ಕೇಳಿದಾಗ. ಮತ್ತೆ ಕ್ಲಾಸ್ ಇರೋದು ಶೀಟಿನ ಮಾಡಿನ ಅಡಿಯಲ್ಲಿ, ಜೋರು ಮಳೆ ಬಂದ್ರೆ ಹಿಂದೆ ಕೂತವರಿಗೆ ಒಂದಕ್ಷರ ಕೇಳೋದಿಲ್ಲ, ಇಪ್ಪತ್ತರ ಮೇಲೆ ಮಕ್ಕಳಿದ್ದೇವೆ, ದಯವಿಟ್ಟು ಎರಡು ಬ್ಯಾಚ್ ಮಾಡ್ಲಿ.

ವಿವರಣೆ ಕನ್ನಡದಲ್ಲಿ, ನೋಟ್ಸ್ ಪರೀಕ್ಷೆಗೆ ಬೇಕಾದ ಹಾಗೆ ಇಂಗ್ಲಿಷಲ್ಲಿ. ಸೇರುವವರು ಮಳೆಗಾಲಕ್ಕೆ ಮೊದ್ಲೇ ಎದುರಿನ ಸಾಲು ಹಿಡ್ಕೊಳ್ಳಿ, ಸ್ಟಾಟ್ ಮೋಡ್ ಇರುವ ಕ್ಯಾಲ್ಕುಲೇಟರ್ ಮೊದಲ ದಿನವೇ ತಗೊಂಡು ಹೋಗಿ.