ಪ್ರೊಜೆಕ್ಟರ್ ಜೊತೆಗೊಂದು ಏಳು ಇಂಚಿನ ಪರದೆ: ದೀರ್ಘ ಬಳಕೆಯ ನಂತರ

ಮನೆಯಲ್ಲಿ ಪ್ರೊಜೆಕ್ಟರ್ ಇಟ್ಟುಕೊಂಡವರಿಗೆಲ್ಲ ಒಂದು ಕಿರಿಕಿರಿ ಪರಿಚಿತ. ಬರೀ ಹಾಡು ಕೇಳಬೇಕೆಂದರೂ, ರಿಸೀವರ್‌ನ (ಪ್ಲೇಯರ್‌ನಿಂದ ಬಂದ ಚಿತ್ರವನ್ನು ಪರದೆಗೂ ಧ್ವನಿಯನ್ನು ಸ್ಪೀಕರ್‌ಗಳಿಗೂ ಕಳಿಸುವ ಪೆಟ್ಟಿಗೆ) ಒಂದೇ ಒಂದು ಸೆಟ್ಟಿಂಗ್ ಬದಲಿಸಬೇಕೆಂದರೂ ದೊಡ್ಡ ಪರದೆಯನ್ನೇ ಬೆಳಗಿಸಬೇಕು. ದೀಪ ಕಾಯುವವರೆಗೆ ಕಾಯಬೇಕು, ಫ್ಯಾನಿನ ಸದ್ದು ಸಹಿಸಬೇಕು, ಕೆಲವು ಸಾವಿರ ಗಂಟೆಗಳಷ್ಟೇ ಬಾಳುವ ದೀಪದ ಆಯಸ್ಸನ್ನು ಮೆನು ನೋಡುವುದಕ್ಕಾಗಿ ಕಳೆಯಬೇಕು. ಈ ಕಾರಣಕ್ಕೆ ರಿಸೀವರ್‌ನ ಎರಡನೇ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ಒಯ್ಯುವ ಜೋಡಣೆ) ಔಟ್‌ಪುಟ್‌ಗೆ ಏಳು ಇಂಚಿನ ಒಂದು ಸಾಧಾರಣ ಎಲ್‌ಸಿಡಿ ಮಾನಿಟರ್ ಜೋಡಿಸಿ ಎರಡು ವರ್ಷಗಳಿಗೂ ಮಿಕ್ಕಿ ಬಳಸುತ್ತಿದ್ದೇನೆ. ಇಂತಹ ಮಾನಿಟರ್‌ಗಳಲ್ಲಿ ಪ್ಯಾನೆಲ್ ಹೇಗಿದೆ ಎಂಬುದಕ್ಕಿಂತ ಅದನ್ನು ಎಲ್ಲಿ, ಹೇಗೆ ಜೋಡಿಸಿದ್ದೀರಿ ಎಂಬುದೇ ಮುಖ್ಯವಾದ್ದರಿಂದ ಈ ವಿಮರ್ಶೆಯೂ ಹೆಚ್ಚಾಗಿ ಜೋಡಣೆಯ ಕುರಿತೇ ಇದೆ.

ಮೊದಲು ಗಾತ್ರ. ನನ್ನ ಮಾನಿಟರ್‌ನ ಪ್ಯಾನೆಲ್ 1024×600 ಪಿಕ್ಸೆಲ್‌ಗಳದ್ದು. 1080ಪಿ (1920×1080 ಪಿಕ್ಸೆಲ್) ಸಂಕೇತವನ್ನು ಒಪ್ಪಿಕೊಂಡು ತಾನೇ ಕುಗ್ಗಿಸಿ ತೋರಿಸುತ್ತದೆ. ಚಿತ್ರದ ಸ್ಪಷ್ಟತೆಯ ಬಗ್ಗೆ ದೂರಿಲ್ಲ, ಆದರೆ ದೂರದಿಂದ ಓದಲಾಗುವುದಿಲ್ಲ. ಸಾಮಾನ್ಯ ದೃಷ್ಟಿಯವರು 3 ಮೀಟರ್ ದೂರದಿಂದ ಒಂದು ಅಕ್ಷರವನ್ನು ಗುರುತಿಸಬೇಕಾದರೆ ಅದು ಸುಮಾರು 4.5 ಮಿಲಿಮೀಟರ್ ಎತ್ತರವಾದರೂ ಇರಬೇಕು. ಪರದೆಯ ಒಟ್ಟು ಎತ್ತರವೇ 9 ಸೆಂಟಿಮೀಟರ್ ಆದ್ದರಿಂದ, ಅಕ್ಷರವೊಂದೇ ಪರದೆಯ ಇಪ್ಪತ್ತನೇ ಒಂದು ಭಾಗವನ್ನು ಆಕ್ರಮಿಸಬೇಕಾಯಿತು. ರಿಸೀವರ್‌ಗಳ ಮೆನುವಿನಲ್ಲಿ ಸಾಮಾನ್ಯವಾಗಿ ಅಷ್ಟು ದಪ್ಪ ಅಕ್ಷರಗಳಿರುವುದಿಲ್ಲ. ಹಾಗಾಗಿ ಉಪಕರಣಗಳ ರ‍್ಯಾಕ್ ಮೇಲೆ ಅಂದವಾಗಿ ಕೂರಿಸಬೇಕೆಂಬ ಆಸೆ ಇದ್ದವರು ಹತ್ತು ಇಂಚಿಗೂ ಮೇಲಿನದನ್ನು ನೋಡುವುದು ಒಳ್ಳೆಯದು. ನಾನು ಉದ್ದದ ಕೇಬಲ್ ಎಳೆದು ಮಾನಿಟರನ್ನು ಆಸನದ ಪಕ್ಕದ ಸಣ್ಣ ಮೇಜಿಗೆ ತಂದುಕೊಂಡಿದ್ದೇನೆ. 1080ಪಿ ಸಂಕೇತಕ್ಕೆ 5 ಮೀಟರ್ ತಾಮ್ರದ ಕೇಬಲ್ ಏನೂ ಹೊರೆಯಲ್ಲ.

ಈಗ ಜೋಡಣೆಯ ವಿಷಯ. ಎರಡು ಔಟ್‌ಪುಟ್‌ಗಳಿಂದ ಒಂದೇ ಚಿತ್ರ ಹೊರಬರುವಾಗ ರಿಸೀವರ್ ಎರಡೂ ಪರದೆಗಳ ಇಡಿಐಡಿಯನ್ನು, ಅಂದರೆ ‘ನಾನು ಇಷ್ಟನ್ನು ತೋರಿಸಬಲ್ಲೆ’ ಎಂದು ಪರದೆ ಒಪ್ಪಿಸುವ ವಿವರಪಟ್ಟಿಯನ್ನು ಓದುತ್ತದೆ. ಬಳಿಕ ಎರಡಕ್ಕೂ ಸಾಧ್ಯವಾದದ್ದನ್ನು ಮಾತ್ರ ಪ್ಲೇಯರ್‌ಗೆ ತಿಳಿಸುತ್ತದೆ. ಒಂದು ಕಡೆ 4ಕೆ ಎಚ್‌ಡಿಆರ್ (1080ಪಿಯ ನಾಲ್ಕು ಪಟ್ಟು ಪಿಕ್ಸೆಲ್, ಹೊಳಪು-ಬಣ್ಣಗಳ ಹೆಚ್ಚಿನ ವ್ಯಾಪ್ತಿ) ಪ್ರೊಜೆಕ್ಟರ್, ಇನ್ನೊಂದು ಕಡೆ 1080ಪಿ ಮಾತ್ರ ಬಲ್ಲ ಪುಟ್ಟ ಮಾನಿಟರ್ ಇದ್ದರೆ ತಗ್ಗುವುದು ದೊಡ್ಡದೇ. 4ಕೆ ಹೋಗುತ್ತದೆ, ಎಚ್‌ಡಿಆರ್ ಹೋಗುತ್ತದೆ. ಸಣ್ಣ ಮಾನಿಟರ್ 60 ಹರ್ಟ್ಸ್ ಮಾತ್ರ ಒಪ್ಪುವಂಥದ್ದಾದರೆ ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾ ಕೂಡ 60ಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಒಂದು ಚೌಕಟ್ಟು ಮೂರು ಬಾರಿ, ಮುಂದಿನದು ಎರಡು ಬಾರಿ ಎಂಬಂತೆ ಮೂಡುವುದರಿಂದ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಚಲಿಸುವ ದೃಶ್ಯಗಳು ತಡವರಿಸುತ್ತವೆ. ಇದರ ಮೇಲೆ ನಕಲು ತಡೆಯುವ ಎಚ್‌ಡಿಸಿಪಿ ಎಂಬ ವ್ಯವಸ್ಥೆಯ ಕಾವಲು ಬೇರೆ. 4ಕೆ ಡಿಸ್ಕ್‌ಗಳೂ ಸ್ಟ್ರೀಮಿಂಗ್ ಸೇವೆಗಳೂ ಎಚ್‌ಡಿಸಿಪಿ 2.2 ಕೇಳುತ್ತವೆ, ಅಗ್ಗದ ಮಾನಿಟರ್‌ಗಳಲ್ಲಿ ಅನೇಕವು 1.4ಕ್ಕೇ ನಿಂತಿವೆ. ಅಷ್ಟು ಹಣ ಸುರಿದು ತಂದ ಪ್ರೊಜೆಕ್ಟರ್ ಅಂಗೈಯಗಲದ ಪರದೆಯ ಮರ್ಜಿಗೆ ಬೀಳುವುದೆಂದರೆ ಇದೇ.

ಆದ್ದರಿಂದ ನನ್ನ ಮನೆಯಲ್ಲಿ ಎರಡೂ ಔಟ್‌ಪುಟ್‌ಗಳು ಒಟ್ಟಿಗೆ ಎಂದೂ ಚಾಲನೆಯಲ್ಲಿರುವುದಿಲ್ಲ. ಸಂಗೀತಕ್ಕೆ ಎರಡನೆಯದು, ಸಿನಿಮಾಕ್ಕೆ ಮೊದಲನೆಯದು. ರಿಮೋಟ್‌ನಲ್ಲಿ ಔಟ್‌ಪುಟ್ ಬದಲಿಸುವ ಗುಂಡಿ ಇರುವ ರಿಸೀವರ್ ಇದ್ದರೆ ಇದು ಕ್ಷಣದ ಕೆಲಸ. ಎರಡನೇ ಔಟ್‌ಪುಟ್ ಬೇರೆ ಕೋಣೆಗೆಂದೇ ಮೀಸಲಾಗಿರುವ ಮಾದರಿಗಳೂ ಇವೆ, ಅವುಗಳಲ್ಲಿ ಕೆಲವು ಆ ದಾರಿಯಲ್ಲಿ ತಮ್ಮ ಸೆಟಪ್ ಮೆನುವನ್ನೇ ತೋರಿಸುವುದಿಲ್ಲ. ಕೊಳ್ಳುವ ಮುನ್ನ ಕೈಪಿಡಿಯ ಆ ಪುಟವನ್ನು ಓದಿಕೊಳ್ಳಿ.

ಎರಡನೇ ಔಟ್‌ಪುಟ್ ಇಲ್ಲದವರಿಗೆ ಒಂದು ಕವಲಿಗೆ ಮೂಲ ಸಂಕೇತವನ್ನೂ ಇನ್ನೊಂದಕ್ಕೆ 1080ಪಿಗೆ ಇಳಿಸಿದ್ದನ್ನೂ ಕಳಿಸುವ ಸ್ಪ್ಲಿಟರ್‌ಗಳಿವೆ. ಅಂಥದ್ದೊಂದನ್ನು ಕೆಲವು ತಿಂಗಳು ಬಳಸಿದ್ದೇನೆ, ಕೆಲಸ ಮಾಡುತ್ತದೆ. ಆದರೆ ಅದನ್ನು ರಿಸೀವರ್‌ನ ನಂತರವೇ ಇಡಬೇಕು. ಪ್ಲೇಯರ್‌ಗೂ ರಿಸೀವರ್‌ಗೂ ನಡುವೆ ಇಟ್ಟು, ಇಡಿಐಡಿಯನ್ನು ಸಣ್ಣ ಮಾನಿಟರ್‌ನಿಂದ ನಕಲು ಮಾಡುವಂತೆ ಬಿಟ್ಟರೆ, ಎರಡು ಪುಟ್ಟ ಸ್ಪೀಕರ್‌ಗಳ ಆ ಮಾನಿಟರ್ ‘ನನಗೆ ಸ್ಟೀರಿಯೊ ಸಾಕು’ ಎನ್ನುತ್ತದೆ, ಪ್ಲೇಯರ್ ತಲೆಯ ಮೇಲಿಂದಲೂ ಧ್ವನಿ ಕೇಳಿಸುವ ಡಾಲ್ಬಿ ಅಟ್ಮಾಸ್ ಬದಲು ಎರಡೇ ಚಾನೆಲ್‌ನ ಸಾದಾ ಡಿಜಿಟಲ್ ಧ್ವನಿ (ಪಿಸಿಎಂ) ಕಳಿಸಿ ಸುಮ್ಮನಾಗುತ್ತದೆ. ಛಾವಣಿಯ ಸ್ಪೀಕರ್‌ಗಳು ಏಕೆ ಮೌನವಾಗಿವೆ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಇಲ್ಲಿ ನೋಡಬೇಕು. ಇನ್ನು, ಅಗ್ಗದ ಸ್ಪ್ಲಿಟರ್‌ಗಳು ಗಾತ್ರವನ್ನು ಇಳಿಸುತ್ತವೆಯೇ ಹೊರತು ಎಚ್‌ಡಿಆರ್ ಬಣ್ಣಗಳನ್ನು ಸಾಮಾನ್ಯ ಪರದೆಗೆ ಹೊಂದಿಸುವುದಿಲ್ಲ, ಹಾಗಾಗಿ ಸಣ್ಣ ಪರದೆಯ ಚಿತ್ರ ಬೂದಿ ಬಳಿದಂತೆ ಕಾಣುತ್ತದೆ. ಹೆಚ್ಚುವರಿ ಪೆಟ್ಟಿಗೆ, ಹೆಚ್ಚುವರಿ ಅಡಾಪ್ಟರ್ ಬೇಡವೆನಿಸಿ ನಾನು ಅದನ್ನು ತೆಗೆದೆ.

ದಿನನಿತ್ಯದ ಬಳಕೆಯಲ್ಲಿ ಈ ಮಾನಿಟರ್‌ನ ಒಂದು ಗುಣ ಬೇರೆಲ್ಲಕ್ಕಿಂತ ಹೆಚ್ಚು ಹಿಡಿಸಿದೆ, ಅದು ತಯಾರಕರ ವಿವರಣೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಅದರ ಅಂಚಿನಲ್ಲಿರುವ ಗುಂಡಿಯನ್ನು ಒಮ್ಮೆ ಒತ್ತಿದರೆ ಹಿಂಬದಿಯ ಬೆಳಕು ಮಾತ್ರ ಆರುತ್ತದೆ, ಎಚ್‌ಡಿಎಂಐ ಸಂಪರ್ಕ ಹಾಗೆಯೇ ಉಳಿಯುತ್ತದೆ. ಒತ್ತಿ ಹಿಡಿದರಷ್ಟೇ ಪೂರ್ತಿ ಆಫ್. ಎಚ್‌ಡಿಎಂಐಯಲ್ಲಿ ಧ್ವನಿಯು ಚಿತ್ರದ ಸಾಲುಗಳ ನಡುವಣ ಖಾಲಿ ಅವಧಿಯಲ್ಲಿ ಪಯಣಿಸುತ್ತದೆ, ಆದ್ದರಿಂದ ಚಿತ್ರದ ಸಂಪರ್ಕ ಕಡಿದು ಮತ್ತೆ ಕೂಡುವಾಗ ಹಾಡೂ ಕೆಲವು ಸೆಕೆಂಡು ಕಡಿದುಹೋಗುತ್ತದೆ. ನನ್ನ ವ್ಯವಸ್ಥೆಯಲ್ಲಿ ಪೂರ್ತಿ ಆಫ್ ಮಾಡಿದಾಗಲೆಲ್ಲ ಹೀಗಾಗುತ್ತದೆ, ಬೆಳಕನ್ನಷ್ಟೇ ಆರಿಸಿದರೆ ಒಂದು ಸ್ವರವೂ ತಪ್ಪುವುದಿಲ್ಲ. ಸಂಗೀತಕ್ಕಾಗಿ ಕೊಳ್ಳುವವರು ಅಂಗಡಿಯಲ್ಲೇ ಇದನ್ನು ಪರೀಕ್ಷಿಸುವುದು ಒಳಿತು.

ಎಚ್‌ಡಿಎಂಐ ಕೇಬಲ್ ಮೂಲಕವೇ ಉಪಕರಣಗಳು ಒಂದನ್ನೊಂದು ನಿಯಂತ್ರಿಸುವ ಸಿಇಸಿಯ ಮೂಲಕ ಎಲ್ಲವೂ ಒಟ್ಟಿಗೆ ಆನ್ ಆಗಲಿ ಎಂದು ಬಯಸುವವರಿಗೆ ನಿರಾಸೆ ಕಾದಿದೆ. ಆ ವ್ಯವಸ್ಥೆಯಲ್ಲಿ ಟಿವಿಗೆಂದು ಮೀಸಲಾದ ‘0’ ವಿಳಾಸ ಒಂದೇ, ಅದು ಮುಖ್ಯ ಪರದೆಗೆ ಸಲ್ಲುತ್ತದೆ. ನಾನು ಮಾನಿಟರ್‌ಗೆ ರಿಸೀವರ್‌ನ ಯುಎಸ್‌ಬಿ ಪೋರ್ಟ್‌ನಿಂದಲೇ ವಿದ್ಯುತ್ ಕೊಟ್ಟಿದ್ದೇನೆ, ಹೀಗಾಗಿ ರಿಸೀವರ್ ಜೊತೆಗೆ ಅದೂ ಏಳುತ್ತದೆ, ಮಲಗುತ್ತದೆ. ಯುಎಸ್‌ಬಿ 2.0 ಪೋರ್ಟ್‌ನಿಂದ ನಿಯಮದಂತೆ ಸಿಗುವುದು 5 ವೋಲ್ಟ್‌ಗೆ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ಮಾತ್ರ. ಹೊಳಪನ್ನು ಪೂರ್ತಿ ಏರಿಸಿದರೆ ಮಾನಿಟರ್ ಮಿನುಗಿ ಆರಿಹೋಗುತ್ತದೆ, ಕಾಲು ಭಾಗಕ್ಕೆ ಇಳಿಸಿದರೆ ತಕರಾರಿಲ್ಲ.

ಕತ್ತಲೆ ಕೋಣೆಯಲ್ಲಿ ಆ ಕಾಲು ಭಾಗವೂ ಹೆಚ್ಚೇ. ಚಿತ್ರಮಂದಿರದ ಪರದೆಯ ಬಿಳುಪಿಗೆ ನಿಗದಿಯಾದ ಹೊಳಪು 48 ನಿಟ್ (ಪರದೆಯ ಹೊಳಪಿನ ಅಳತೆ), ಸಾಮಾನ್ಯ ಸಣ್ಣ ಮಾನಿಟರ್‌ಗಳದು 250ರ ಆಸುಪಾಸು. ಕಪ್ಪು ಚಿತ್ರ ತೋರಿಸುವಾಗಲೂ ಎಲ್‌ಸಿಡಿ ಬೂದು ಬೆಳಕನ್ನು ಸೋರಿಸುವುದರಿಂದ ಸಿನಿಮಾ ನಡೆಯುವಾಗ ಅದು ಕಣ್ಣಿನ ಅಂಚಿನಲ್ಲಿ ಚುಚ್ಚುತ್ತಲೇ ಇರುತ್ತದೆ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ, ಆರುವ ಓಎಲ್‌ಇಡಿ ಪ್ಯಾನೆಲ್ ಇದನ್ನು ಪರಿಹರಿಸಬಹುದು, ಆದರೆ ಗಂಟೆಗಟ್ಟಲೆ ಒಂದೇ ಆಲ್ಬಮ್ ಚಿತ್ರ, ಒಂದೇ ಮೆನು ನಿಲ್ಲುವ ಕೆಲಸಕ್ಕೆ ಅಚ್ಚು ಉಳಿಯುವ ಅಪಾಯವಿರುವ ಪರದೆ ತಕ್ಕದ್ದಲ್ಲ ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ತಾಪತ್ರಯದ ನಂತರ ಸಿಕ್ಕ ಪ್ರಯೋಜನ ಯಾವುದು ಎಂದರೆ, ನನ್ನ ಮಟ್ಟಿಗೆ, ಬಹುಚಾನೆಲ್ ಸಂಗೀತದ ಡಿಸ್ಕ್‌ಗಳು. 2000ದಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿ-ಆಡಿಯೊದ ಅನೇಕ ಡಿಸ್ಕ್‌ಗಳಲ್ಲಿ ಸ್ಟೀರಿಯೊ ಬೇಕೋ ಸರೌಂಡ್ ಬೇಕೋ ಎಂಬುದನ್ನು ಮೆನುವಿನಿಂದಲೇ ಆರಿಸಬೇಕು. ಪರದೆಯಿಲ್ಲದಿದ್ದರೆ ಡಿಸ್ಕ್‌ನ ಯಾವ ಗುಂಪಿನ ಹಾಡುಗಳಲ್ಲಿದ್ದೇವೆ ಎಂಬುದೇ ತಿಳಿಯದು. ಬ್ಲೂ-ರೇ ಸಂಗೀತ ಡಿಸ್ಕ್‌ಗಳದೂ ಹೆಚ್ಚುಕಡಿಮೆ ಇದೇ ಕಥೆ. ಕೋಣೆಯ ಧ್ವನಿ ಹೊಂದಾಣಿಕೆಗೆ ಮೈಕ್ ಇಟ್ಟು ಅಳೆಯುವಾಗಲೂ ಲಾಭವಿದೆ: ಪ್ರೊಜೆಕ್ಟರ್ ಆರಿಸಿಟ್ಟೇ ಸೂಚನೆಗಳನ್ನು ಓದಬಹುದು, ಅದರ ಫ್ಯಾನಿನ ಸದ್ದು ಅಳತೆಗೆ ಸೇರುವುದಿಲ್ಲ.

ಬರೀ ಸ್ಟ್ರೀಮಿಂಗ್ ಕೇಳುವವರಿಗೆ ಇದರ ಅಗತ್ಯವಿಲ್ಲ. ಟ್ಯಾಬ್ಲೆಟ್‌ನಲ್ಲಿ ರಿಸೀವರ್‌ನ ಆ್ಯಪ್ ಹಾಕಿಕೊಂಡರೆ ಸಾಕು, ಡಿಸ್ಕ್‌ನ ಮೆನು ಮಾತ್ರ ಅಲ್ಲಿ ಮೂಡುವುದಿಲ್ಲ. ಹಳದಿ ಕಂಪೋಸಿಟ್ (ಹಳೆಯ ಅನಲಾಗ್ ಚಿತ್ರಸಂಕೇತದ) ಜ್ಯಾಕ್ ಇರುವ ಹಳೆಯ ಡಿವಿಡಿ-ಆಡಿಯೊ ಪ್ಲೇಯರ್ ಉಳಿಸಿಕೊಂಡವರಂತೂ ಅದೇ ಜ್ಯಾಕ್‌ಗೆ ಯಾವುದಾದರೂ ಪುಟ್ಟ ಪರದೆ ಸಿಕ್ಕಿಸಿ, ಎಚ್‌ಡಿಎಂಐ ಉಪಕರಣಗಳು ಪರಸ್ಪರ ಒಪ್ಪಂದಕ್ಕೆ ಬರುವ ಈ ಹ್ಯಾಂಡ್‌ಶೇಕ್ ರಗಳೆಯಿಂದ ಪಾರಾಗಬಹುದು.

ಬಾಳಿಕೆಯಲ್ಲಿ ಪ್ಯಾನೆಲ್ ಮೊದಲಿನಂತೆಯೇ ಇದೆ, ಸತ್ತ ಪಿಕ್ಸೆಲ್ ಕಂಡಿಲ್ಲ. ಸೋತಿರುವುದು ಮಿನಿ ಎಚ್‌ಡಿಎಂಐ ಪೋರ್ಟ್: ದಪ್ಪ ಕೇಬಲ್‌ನ ಭಾರಕ್ಕೆ ಅದು ಸಡಿಲಗೊಂಡು, ಮೇಜು ಅಲುಗಿದರೆ ಚಿತ್ರ ಹೋಗಿ ಬರುತ್ತಿತ್ತು. ತೆಳುವಾದ ಕೇಬಲ್‌ಗೆ ಬದಲಾಯಿಸಿ, ಅದನ್ನು ಸ್ಟ್ಯಾಂಡಿನ ಕಾಲಿಗೆ ಪಟ್ಟಿಯಿಂದ ಬಿಗಿದ ಮೇಲೆ ಸದ್ಯಕ್ಕೆ ನಿಂತಿದೆ. ಇದೇ ಬೆಲೆಗೆ ಪೂರ್ಣ ಗಾತ್ರದ ಪೋರ್ಟ್ ಇರುವ ಮಾದರಿ ಸಿಗುವುದಾದರೆ, ಪ್ಯಾನೆಲ್ ತುಸು ಕಳಪೆಯಾದರೂ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.